ಕಾವೇರಿಯ ಬಿಳಿಮೀನು ಮತ್ತು ಕೋಲಾರದ ಬೆಳಕು

ನದಿಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಅರಸರ, ಅಣೆಕಟ್ಟುಗಳ ಹಾಗೂ ಒಪ್ಪಂದಗಳ ಚರಿತ್ರೆಯಾಗಿಯೇ ಬರೆದುಕೊಂಡು ಬಂದಿದ್ದೇವೆ. ನದಿಯ ದಡದಲ್ಲಿ ಬದುಕಿದ ಜನರ ಕಥೆ ಈಚಿನ ದಶಕಗಳಲ್ಲಿ ಜಾನಪದ ವಿದ್ವಾಂಸರ ಶ್ರಮದಿಂದ ಅಲ್ಪಸ್ವಲ್ಪವಾದರೂ ದಾಖಲಾಗಿದೆ. ಆದರೆ ನದಿಯ ಒಳಗೆ ಬದುಕಿದ ಜೀವಿಗಳ ಚರಿತ್ರೆ ಇನ್ನೂ ನಮ್ಮ ಅಧ್ಯಯನದ ಅಂಗಳಕ್ಕೆ ಬಂದಿಲ್ಲ. ಮೀನು ಜೀವಶಾಸ್ತ್ರದ ವಿಷಯ, ಅದಕ್ಕೂ ಜಾನಪದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಮೀನಿಗೆ ಹೆಸರಿಟ್ಟವರು ಜನಪದರು. ಅದನ್ನು ದೇವರೆಂದು ಕಾಪಾಡಿದವರೂ ಜನಪದರು. ಗಾಳ, ಬಲೆ, ಕೂಳಿಗಳಲ್ಲಿ ಅದನ್ನು ಹಿಡಿದು ಉಂಡವರೂ ಜನಪದರೇ. ಹಾಗಿರುವಾಗ ಒಂದು ಮೀನು ಅಳಿವಿನ ಅಂಚಿಗೆ ಬಂದು ನಿಂತರೆ ಅದರ ಕಾರಣಗಳನ್ನು ಕೇಳುವ ಹೊಣೆ ಜಾನಪದ ಅಧ್ಯಯನಕ್ಕೂ ಇದೆ.

ಪ್ರಸ್ತುತ ಲೇಖನವು ಕಾವೇರಿ ನದಿಯ ದೊಡ್ಡ ಮೀನೊಂದರ ಚರಿತ್ರೆಯನ್ನು ಕೋಲಾರ ಸೀಮೆಯ ನೆಲೆಯಿಂದ ನೋಡುವ ಪ್ರಯತ್ನವಾಗಿದೆ. ಕಾವೇರಿ ಎಲ್ಲಿ, ಕೋಲಾರ ಎಲ್ಲಿ ಎಂದು ಓದುಗರು ಕೇಳಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಎಲ್ಲಿಯೂ ಕಾವೇರಿ ಹರಿಯುವುದಿಲ್ಲ. ಇಲ್ಲಿನ ನದಿಗಳು ಪಾಲಾರ್ ಮತ್ತು ಪಿನಾಕಿನಿ. ಅವೂ ವರ್ಷದ ಬಹುಭಾಗ ಮರಳ ಹಾಸುಗಳಾಗಿಯೇ ಇರುತ್ತವೆ. ಆದರೂ ಕಾವೇರಿ ಎರಡು ಬಾರಿ ಕೋಲಾರಕ್ಕೆ ಬಂದಿದ್ದಾಳೆ. ಮೊದಲು 1902ರಲ್ಲಿ ವಿದ್ಯುತ್ತಿನ ರೂಪದಲ್ಲಿ, ಮತ್ತೆ 2018ರಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರಿನ ರೂಪದಲ್ಲಿ. ಈ ಎರಡು ಬರುವಿಕೆಗಳ ನಡುವಿನ ನೂರ ಹದಿನಾರು ವರ್ಷಗಳಲ್ಲಿಯೇ ಕಾವೇರಿಯ ಆ ದೊಡ್ಡ ಮೀನು ತನ್ನ ನದಿಯಲ್ಲಿ ಕಾಣದಾಗುವ ಸ್ಥಿತಿಗೆ ತಲುಪಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದೇ ಈ ಲೇಖನದ ಆಶಯ.

1. ಹೆಸರಿನ ಚರಿತ್ರೆ

ಉತ್ತರ ಭಾರತದಲ್ಲಿ ಮಹಶೀರ್ ಎಂದು ಪ್ರಸಿದ್ಧವಾದ ಮೀನಿನ ಬಳಗದ ಹಲವು ಪ್ರಭೇದಗಳು ನಮ್ಮ ನದಿಗಳಲ್ಲಿವೆ. ಮೈಸೂರು ಸೀಮೆಯ ಕಾವೇರಿ ತೀರದಲ್ಲಿ ಇದನ್ನು ಬಿಳಿಮೀನು ಎಂದು ಕರೆಯುವುದುಂಟು. ದೊಡ್ಡ ಹುರುಪೆ, ದಪ್ಪ ತುಟಿ, ತುಟಿಯ ಬದಿಗಳಲ್ಲಿ ಮೀಸೆಯಂತಹ ಎಳೆಗಳು, ಬಂಡೆಗಳ ನಡುವಿನ ಸೆಳವಿನಲ್ಲಿ ಎದುರೀಜುವ ಕಸುವು ಇವು ಇದರ ಸಾಮಾನ್ಯ ಲಕ್ಷಣಗಳು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಪ್ರಭೇದಕ್ಕೆ ಇನ್ನೂ ಒಂದು ಗುರುತಿದೆ. ಬೆಳೆದ ಮೀನಿನ ತಲೆಯ ಹಿಂದೆ ಬೆನ್ನು ಗೂನಿನಂತೆ ಏರಿರುತ್ತದೆ. ಈಜುರೆಕ್ಕೆಗಳಲ್ಲಿ ಕಿತ್ತಳೆ ಬಣ್ಣ ಕಾಣುತ್ತದೆ. ಇದು ಐವತ್ತು ಕಿಲೋ ಮೀರಿ ಬೆಳೆಯಬಲ್ಲದು. ಸಿಹಿನೀರಿನಲ್ಲಿ ಗಾಳಕ್ಕೆ ಬೀಳುವ ಮೀನುಗಳಲ್ಲಿ ಜಗತ್ತಿನ ಅತಿ ದೊಡ್ಡವುಗಳ ಸಾಲಿಗೆ ಇದು ಸೇರುತ್ತದೆ.

ಮೀನಿನ ಬಗೆಗಿನ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಯಾವ ಮೀನು ಕಡಲಿನದು, ಯಾವುದು ನದಿಯದು, ಯಾವುದಕ್ಕೆ ಎಂತಹ ಎರೆ ಕೊಡಬೇಕು, ಗಾಳದ ದಾರವನ್ನು ಹೇಗೆ ಹೊಸೆಯಬೇಕು ಎಂಬುದನ್ನೆಲ್ಲ ಅಲ್ಲಿ ವಿವರವಾಗಿ ಹೇಳಲಾಗಿದೆ. ಅಲ್ಲಿ ಬರುವ 'ಮಹಾಶೀಲ' ಎಂಬ ಹೆಸರನ್ನು ಇಂದಿನ ಮಹಶೀರ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅರಮನೆಯ ವಿನೋದಕ್ಕೆಂದು ಬರೆದ ಗ್ರಂಥವಾದರೂ ಅದರೊಳಗಿನ ಅರಿವು ನದಿಯ ದಡದಲ್ಲಿ ದುಡಿಯುತ್ತಿದ್ದವರಿಂದ ಬಂದುದೇ ಆಗಿರಬೇಕು. ಎರೆಯ ಪಾಕವನ್ನೂ ಮೀನಿನ ಹಸಿವಿನ ಹೊತ್ತನ್ನೂ ಅರಮನೆಯೊಳಗೆ ಕುಳಿತು ಅರಿಯುವುದು ಸಾಧ್ಯವಿಲ್ಲ.

ಆಧುನಿಕ ಪ್ರಾಣಿಶಾಸ್ತ್ರವು ನಮ್ಮ ಮೀನುಗಳಿಗೆ ಹೆಸರಿಡತೊಡಗಿದಾಗಲೂ ಜನಪದರ ನಾಲಿಗೆಯನ್ನೇ ಆಶ್ರಯಿಸಿತು. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ದಖ್ಖನಿನ ಮೀನುಗಳನ್ನು ಕುರಿತು ಪ್ರಕಟಿಸಿದ ಬರಹದಲ್ಲಿ 'ಖುದ್ರಿ' ಮತ್ತು 'ಮುಸುಲ್ಲಾ' ಎಂಬ ಎರಡು ಪ್ರಭೇದಗಳನ್ನು ಹೆಸರಿಸಿದನು. ಎರಡೂ ಪುಣೆಯ ಸುತ್ತಿನ ಮರಾಠಿ ಬೆಸ್ತರ ಬಾಯಿಂದ ಎತ್ತಿಕೊಂಡ ಹೆಸರುಗಳು. ಕಾವೇರಿಯ ಬೆಸ್ತರ ಹೆಸರಿಗೆ ಈ ಭಾಗ್ಯ ಒದಗಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಕಾವೇರಿಯ ಗೂನುಬೆನ್ನಿನ ಮೀನನ್ನು ಸೈಕ್ಸ್ ಹೇಳಿದ 'ಮುಸುಲ್ಲಾ' ಎಂದೇ ತಿಳಿಯಲಾಯಿತು. ಕೃಷ್ಣಾ ಕೊಳ್ಳದ ಬೇರೆಯೇ ಜಾತಿಯ ಮೀನಿನ ಹೆಸರು ಹೀಗೆ ಕಾವೇರಿಯ ಮೀನಿಗೆ ಅಂಟಿಕೊಂಡಿತು. ಆ ಹೆಸರು ಇದಕ್ಕೆ ಸಲ್ಲದು ಎಂಬುದು 2010ರ ದಶಕದಲ್ಲಿ ಸ್ಪಷ್ಟವಾದ ಮೇಲೆ ಈ ಮೀನಿಗೆ ಶಾಸ್ತ್ರದ ಪುಸ್ತಕದಲ್ಲಿ ಹೆಸರೇ ಇಲ್ಲದಂತಾಯಿತು. ಕೊನೆಗೆ 2018ರ ಜೂನ್ ತಿಂಗಳಲ್ಲಿ ಭಾರತ ಮತ್ತು ಇಂಗ್ಲೆಂಡಿನ ಸಂಶೋಧಕರು ಜೊತೆಗೂಡಿ ಪ್ರಕಟಿಸಿದ ಅಧ್ಯಯನವೊಂದು ಈ ಗೊಂದಲವನ್ನು ಬಗೆಹರಿಸಿತು. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ಆಧರಿಸಿ ಕೆಲವು ವರ್ಷಗಳ ಹಿಂದೆಯೇ 'ಟಾರ್ ರೆಮಾದೇವಿ' ಎಂಬ ಪ್ರಭೇದವನ್ನು ವಿವರಿಸಲಾಗಿತ್ತು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ಕೆ. ರೆಮಾದೇವಿಯವರ ಗೌರವಾರ್ಥವಾಗಿ ಇಟ್ಟ ಹೆಸರದು. ಕಾವೇರಿಯ ಗೂನುಬೆನ್ನಿನ ದೈತ್ಯಮೀನೂ ಅದೇ ಪ್ರಭೇದದ್ದು ಎಂಬುದನ್ನು ತಳಿಶಾಸ್ತ್ರದ ಮತ್ತು ದೇಹಲಕ್ಷಣಗಳ ಆಧಾರದಿಂದ ಖಚಿತಪಡಿಸಲಾಯಿತು.

ಹೆಸರು ಸಿಕ್ಕಿದ ಅದೇ ವರ್ಷದ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ತನ್ನ ಕೆಂಪುಪಟ್ಟಿಯಲ್ಲಿ 'ತೀವ್ರ ಅಪಾಯಕ್ಕೊಳಗಾದ' ಪ್ರಭೇದವೆಂದು ಸೇರಿಸಿತು. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಯೂ ಕಾಪಾಡಲಾರದು. ನಾಮಕರಣ ತಡವಾದುದರಿಂದ ರಕ್ಷಣೆಯೂ ತಡವಾಯಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಾವೇರಿ ತೀರದ ಜನ ತಲೆತಲಾಂತರದಿಂದ ಅರಿತಿದ್ದ ಮೀನು ಶಾಸ್ತ್ರಕ್ಕೆ ಅಪರಿಚಿತವಾಗಿಯೇ ಉಳಿದಿತ್ತು. ಜನಪದರ ಹೆಸರುಗಳನ್ನು ಸಂಗ್ರಹಿಸುವುದು ಕೇವಲ ಭಾಷಾ ಕುತೂಹಲದ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2. ದೇವರ ಮಡುಗಳು

ಕರ್ನಾಟಕದಲ್ಲಿ ಮೀನಿನ ರಕ್ಷಣೆಯ ಅತಿ ಹಳೆಯ ರೂಪವೆಂದರೆ ದೇವರ ಮಡು. ತುಂಗೆಯ ತೀರದ ಶೃಂಗೇರಿಯಲ್ಲಿ ಮಠದ ಮೆಟ್ಟಿಲುಗಳ ಬಳಿ ಮೀನುಗಳಿಗೆ ಮಂಡಕ್ಕಿ ಹಾಕುವುದು ಯಾತ್ರಿಕರೆಲ್ಲ ಬಲ್ಲ ವಾಡಿಕೆ. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಕಾವೇರಿಯ ದಡದ ರಾಮನಾಥಪುರ ಇವೆಲ್ಲ ಇದೇ ಬಗೆಯ ಮತ್ಸ್ಯಧಾಮಗಳು. ಮಡುವಿನ ಮೀನು ದೇವರದು, ಅದನ್ನು ಮುಟ್ಟಬಾರದು ಎಂಬ ಕಟ್ಟುಪಾಡು ಇಲ್ಲಿ ಬರಹದ ಕಾನೂನಿಗಿಂತ ಬಲವಾಗಿ ಕೆಲಸ ಮಾಡಿದೆ.

ಈ ನಂಬಿಕೆಯ ಹಿಂದೆ ಒಂದು ಪರಿಸರ ವಿವೇಕವಿದೆ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಮೀನುಗಳೆಲ್ಲ ಆಳವಾದ ಮಡುಗಳಿಗೆ ಬಂದು ಸೇರುತ್ತವೆ. ಆ ಹೊತ್ತಿನಲ್ಲಿ ಮಡುವನ್ನು ಬರಿದು ಮಾಡಿದರೆ ಇಡೀ ಹೊಳೆಯೇ ಬರಿದಾಗುತ್ತದೆ. ಮಡುವನ್ನು ದೇವರಿಗೆ ಒಪ್ಪಿಸಿದರೆ ಮಳೆ ಬಿದ್ದಾಗ ಹೊಳೆ ಮತ್ತೆ ತುಂಬಿಕೊಳ್ಳುತ್ತದೆ. ದೇವರ ಕಾಡು ಕಾಡಿಗೆ ಹೇಗೋ ದೇವರ ಮಡು ಹೊಳೆಗೆ ಹಾಗೆ ಬಿತ್ತನೆಯ ಕಣಜವಾಗಿತ್ತು.

ಆದರೆ ಈ ವ್ಯವಸ್ಥೆಯ ಮಿತಿಗಳನ್ನೂ ಹೇಳಬೇಕಾಗುತ್ತದೆ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಕಪಿಲಾ ಹೊಳೆಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಒಂದೇ ಬಾರಿಗೆ ಸತ್ತು ತೇಲಿದವು. ಊರವರು ಅವುಗಳಿಗಾಗಿ ಸ್ಮಾರಕವನ್ನು ನಿಲ್ಲಿಸಿದರು. ಸತ್ತ ಮೀನುಗಳಿಗೆ ಮನುಷ್ಯರು ಸ್ಮಾರಕ ಕಟ್ಟಿದ ಈ ಪ್ರಸಂಗ ಜಾನಪದ ಅಧ್ಯಯನದಲ್ಲಿ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು. ನಂಬಿಕೆಯು ಭಕ್ತರ ಕೈಯನ್ನು ತಡೆಯುತ್ತದೆ. ನಂಬದವನ ಕೈಯನ್ನು ತಡೆಯಲಾರದು. ಎರಡನೆಯದಾಗಿ, ದೇವರ ಮಡು ಕಾಪಾಡುವುದು ನೂರಿನ್ನೂರು ಮಾರು ಉದ್ದದ ನೀರನ್ನು. ಮಹಶೀರ್ ಜಾತಿಯ ಮೀನು ಮಳೆಗಾಲದ ಹೊಸ ನೀರಿಗೆ ಎದುರೇರಿ ಹೋಗಿ ಜಲ್ಲಿಕಲ್ಲಿನ ತಿಳಿಹೊಳೆಗಳಲ್ಲಿ ಮೊಟ್ಟೆಯಿಡುವಂಥದು. ದಾರಿಯಲ್ಲಿ ಕಟ್ಟೆ ಎದ್ದರೆ ಮಡುವಿನ ದೇವರು ಅದಕ್ಕೆ ನೆರವಾಗಲಾರ. ಮೂರನೆಯದಾಗಿ, ಶೃಂಗೇರಿಯ ತುಂಗೆ ಕೃಷ್ಣೆಗೆ ಸೇರುವ ನದಿ. ಶಿಶಿಲದ ಕಪಿಲೆ ಪಡುವಣ ಕಡಲಿಗೆ ಹರಿಯುವ ನದಿ. ಕಾವೇರಿಯ ಗೂನುಬೆನ್ನಿನ ಮೀನು ಅಲ್ಲಿಯದಲ್ಲ. ಹೀಗಾಗಿ ನಮ್ಮ ಪ್ರಸಿದ್ಧ ಮತ್ಸ್ಯಧಾಮಗಳಲ್ಲಿ ಹೆಚ್ಚಿನವು ಈ ಮೀನಿನ ಪಾಲಿಗೆ ಒದಗಲಿಲ್ಲ.

3. ಗಾಳ, ನಂಜು ಮತ್ತು ಸಿಡಿಮದ್ದು

ಕಾವೇರಿ ತೀರದ ಜನ ಈ ಮೀನನ್ನು ಹಿಡಿಯುತ್ತಿರಲಿಲ್ಲ ಎಂದಲ್ಲ. ಹರಿಗೋಲಿನಲ್ಲಿ ಕುಳಿತು ಬಲೆ ಬೀಸುವುದು, ಬಂಡೆಯ ಮೇಲಿಂದ ಗಾಳ ಎಸೆಯುವುದು, ಹಳ್ಳದ ಬಾಯಿಗೆ ಕೂಳಿ ಒಡ್ಡುವುದು ಇವೆಲ್ಲ ವಾಡಿಕೆಯಲ್ಲಿದ್ದವು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ಹೊಳೆಯ ಏಡಿಯನ್ನು ಅಥವಾ ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆಯನ್ನು. ಹಳೆ ಮೈಸೂರಿನ ಒಣಬೇಸಾಯದ ಜನರಿಗೆ ಅನ್ನವಾದ ರಾಗಿಯೇ ಕಾವೇರಿಯ ಮೀನಿಗೂ ಎರೆಯಾಯಿತು. ಮುಂದೆ ಗಾಳದ ಬೇಟೆಗೆಂದು ಬಂದ ವಿದೇಶೀಯರೂ ಇಲ್ಲಿಯವರಿಂದ ಈ ರಾಗಿ ಉಂಡೆಯ ವಿದ್ಯೆಯನ್ನೇ ಕಲಿತರು. ಈ ಬಗೆಯ ಮೀನುಗಾರಿಕೆಗೆ ಒಂದು ಸಹಜವಾದ ಮಿತಿ ಇತ್ತು. ಮೊಣಕಾಲುದ್ದದ ಮೀನನ್ನು ಗಾಳದಲ್ಲಿ ಎಳೆದು ದಡಕ್ಕೆ ತರಲು ಗಂಟೆಗಟ್ಟಲೆ ಬೇಕು. ಅದರ ಮರಿಗಳಿಗೆ ಬಲೆಯ ಕಣ್ಣು ದಾರಿ ಬಿಡುತ್ತಿತ್ತು.

ಮಿತಿ ಮೀರಿದುದು ನಂಜು ಮತ್ತು ಸಿಡಿಮದ್ದಿನಿಂದ. ಕಾರೆಕಾಯಿಯಂಥ ನಂಜಿನ ಕಾಯಿಗಳನ್ನು ಅರೆದು ಮಡುವಿಗೆ ಕದಡುವ ರೂಢಿ ಹಳೆಯದೇ ಆದರೂ ಅದು ಚಿಕ್ಕ ಹಳ್ಳಗಳಿಗೆ ಸೀಮಿತವಾಗಿತ್ತು. ಗಣಿ, ರಸ್ತೆ, ರೈಲುಗಳ ಕೆಲಸಕ್ಕೆಂದು ಬಂದ ಸಿಡಿಮದ್ದು ಹೊಳೆಯ ದಡಕ್ಕೂ ತಲುಪಿದಾಗ ಪರಿಸ್ಥಿತಿ ಬದಲಾಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯಾ' ಗಾಳಗಾರರ ಪಾಲಿಗೆ ಶಾಸ್ತ್ರಗ್ರಂಥವೇ ಆಯಿತು. ಅದೇ ವರ್ಷ ಫ್ರಾನ್ಸಿಸ್ ಡೇ ಭಾರತದ ಸಿಹಿನೀರಿನ ಮೀನುಗಾರಿಕೆಯನ್ನು ಕುರಿತು ಸರ್ಕಾರಕ್ಕೆ ಸಲ್ಲಿಸಿದ ವರದಿ ಪ್ರಕಟವಾಯಿತು. ಮುಂದೆ 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಮೀನು ಹಿಡಿಯಲು ಸಿಡಿಮದ್ದನ್ನಾಗಲಿ ವಿಷವನ್ನಾಗಲಿ ಬಳಸುವುದನ್ನು ಅಪರಾಧವೆಂದು ಸಾರಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆಯೊಂದನ್ನು ಹೊರಡಿಸಿತು. ಒಂದೂಕಾಲು ಶತಮಾನದಷ್ಟು ಹಳೆಯದಾದ ಈ ನಿಷೇಧ ಇಂದಿಗೂ ಕಾಗದದ ಮೇಲಿದೆ. ಸಿಡಿಮದ್ದಿನ ಮೀನುಬೇಟೆ ಮಾತ್ರ ನಿಂತಿಲ್ಲ.

ಆ ಕಾಲದ ನದಿ ಎಂತಹ ಮೀನುಗಳನ್ನು ಸಾಕುತ್ತಿತ್ತು ಎಂಬುದಕ್ಕೆ ಒಂದು ದಾಖಲೆ ಸಾಕು. ಮೈಸೂರಿನ ಪ್ರಸಿದ್ಧ ಪ್ರಾಣಿಚರ್ಮ ಹದಗಾರರಾದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರ ಮಾರ್ಚಿಯಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಗಾಳದಲ್ಲಿ ಹಿಡಿದ ಮಹಶೀರ್‌ಗಳಲ್ಲಿ ಇದನ್ನೇ ದಾಖಲೆಯೆಂದು ಹೇಳುತ್ತ ಬರಲಾಗಿದೆ.

4. ಕೋಲಾರದ ಬೆಳಕು

ಈಗ ಕೋಲಾರದ ಕಡೆಗೆ ತಿರುಗಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಇಳಿಯತೊಡಗಿದ್ದವು. ಆಳಕ್ಕೆ ಇಳಿದಂತೆಲ್ಲ ನೀರೆತ್ತಲು, ಅದಿರು ಮೇಲೆತ್ತಲು, ಕಲ್ಲು ಪುಡಿಮಾಡಲು ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆದು ಗಣಿಗಳಿಗೆ ಒದಗಿಸುವ ಯೋಜನೆ ರೂಪುಗೊಂಡಿತು. ಜೋಲಿ ಡಿ ಲಾಟ್ಬಿನಿಯೆರ್ ಎಂಬ ಸೇನಾ ಎಂಜಿನಿಯರ್ ಇದರ ಹೊಣೆ ಹೊತ್ತಿದ್ದರು. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಸುಮಾರು 92 ಮೈಲಿ ದೂರ ತಂತಿಯ ಮೇಲೆ ಹಾದು ಕೋಲಾರದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆ ಕಾಲದ ಜಗತ್ತಿನಲ್ಲಿಯೇ ದೊಡ್ಡ ಸಾಹಸವಾಗಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಶಿವನಸಮುದ್ರದ ವಿದ್ಯುತ್ತು ಮೊದಲು ಬೆಳಗಿದ್ದು ಕೋಲಾರದ ನೆಲವನ್ನು. ಅದೂ ನೆಲದ ಕೆಳಗಿನ ಕತ್ತಲನ್ನು.

ಆದರೆ ನದಿಯ ಹರಿವಿಗೂ ಗಣಿಯ ಹಸಿವಿಗೂ ಹೊಂದಿಕೆ ಇರಲಿಲ್ಲ. ಗಣಿಗೆ ವರ್ಷವಿಡೀ ಒಂದೇ ಸಮನೆ ಶಕ್ತಿ ಬೇಕು; ನದಿಯಾದರೋ ಆಷಾಢದಲ್ಲಿ ಉಕ್ಕಿ ಫಾಲ್ಗುಣದಲ್ಲಿ ಸೊರಗುವಂಥದು. ಬೇಸಗೆಯಲ್ಲಿ ನೀರು ಇಳಿದರೆ ಉತ್ಪಾದನೆಯೂ ಇಳಿಯುತ್ತಿತ್ತು. ಹೀಗಾಗಿ ಕಾವೇರಿಗೆ ದೊಡ್ಡ ಜಲಾಶಯವೊಂದನ್ನು ಕಟ್ಟಬೇಕೆಂಬ ವಿಚಾರಕ್ಕೆ ನೀರಾವರಿಯಷ್ಟೇ ಅಲ್ಲದೆ ಕೋಲಾರಕ್ಕೆ ತಪ್ಪದೆ ವಿದ್ಯುತ್ ಒದಗಿಸುವ ಹೊಣೆಯೂ ಕಾರಣವಾಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಆರಂಭವಾಗಿ ಎರಡು ದಶಕಗಳಲ್ಲಿ ಕೃಷ್ಣರಾಜಸಾಗರ ಪೂರ್ಣವಾಯಿತು. ಕೆಳಗೆ ಮದರಾಸು ಪ್ರಾಂತ್ಯದಲ್ಲಿ 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದಿತು. 1970ರ ದಶಕದಲ್ಲಿ ಕಬಿನಿಗೂ ಕಟ್ಟೆ ಬಿತ್ತು.

ಈ ಅಣೆಕಟ್ಟುಗಳಿಂದ ಮಂಡ್ಯದ ಬಯಲು ಹಸಿರಾಯಿತು, ಮೈಸೂರು ಸಂಸ್ಥಾನ ಬೆಳಗಿತು, ಲಕ್ಷಾಂತರ ಮನೆಗಳಲ್ಲಿ ಅನ್ನ ಬೆಂದಿತು. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದೇ ಹೊತ್ತಿನಲ್ಲಿ ನದಿಯು ಒಂದು ಹರಿವಾಗಿ ಉಳಿಯದೆ ಹಲವು ತುಂಡುಗಳಾಯಿತು ಎಂಬುದೂ ಸತ್ಯ. ಮೀನು ಮೇಲೇರಿ ಹೋಗುವ ದಾರಿ ಮುಚ್ಚಿತು. ಹೊಸ ಮಳೆಯ ಕೆಂಪುನೀರಿನ ಮೊದಲ ಪ್ರವಾಹವನ್ನೇ ಮೊಟ್ಟೆಯಿಡಲು ಸಂಜ್ಞೆಯೆಂದು ತಿಳಿಯುವ ಜೀವಿಗೆ ಆ ಪ್ರವಾಹ ಅಣೆಕಟ್ಟಿನ ಬಾಗಿಲಲ್ಲೇ ನಿಂತುಹೋಯಿತು. ಶಿವನಸಮುದ್ರದಿಂದ ಕೆಳಕ್ಕೆ ಶಿಂಷಾ ಮತ್ತು ಅರ್ಕಾವತಿಗಳನ್ನು ಕೂಡಿಕೊಂಡು ಮೇಕೆದಾಟು, ಹೊಗೇನಕಲ್ಲಿನ ಕಡೆಗೆ ಸಾಗುವ ಕಲ್ಲುಕಣಿವೆಯ ಭಾಗ ಮಾತ್ರ ಈ ಮೀನಿಗೆ ದೊಡ್ಡ ಆಸರೆಯಾಗಿ ಉಳಿಯಿತು.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಗಣಿಗೆಂದು ಬಂದ ಬೆಳಕಿನ ಮೂಲ ಕಾರಣ ಇಲ್ಲವಾಯಿತು. ಆದರೆ ಆ ಕಾರಣಕ್ಕಾಗಿ ಬದಲಾದ ನದಿ ಹಳೆಯ ಸ್ಥಿತಿಗೆ ಮರಳಲಿಲ್ಲ. ಮರಳುವುದು ಸಾಧ್ಯವೂ ಇರಲಿಲ್ಲ. ಗಣಿಯ ಚರಿತ್ರೆಯನ್ನು ಬರೆಯುವಾಗ ನಾವು ಕಾರ್ಮಿಕರ ಬದುಕನ್ನು, ಸಯನೈಡ್ ದಿಬ್ಬಗಳನ್ನು ನೆನೆಯುತ್ತೇವೆ. ಆ ಲೆಕ್ಕದ ಪುಸ್ತಕದಲ್ಲಿ ನೂರೈವತ್ತು ಕಿಲೋಮೀಟರು ದೂರದ ನದಿಯ ಒಂದು ಮೀನಿಗೂ ಒಂದು ಸಾಲು ಸಲ್ಲಬೇಕು.

5. ನೆಂಟನಾಗಿ ಬಂದ ಮೀನು

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಗಾಳಗಾರರ ತಂಡವೊಂದು ಕಾವೇರಿಯ ಕಣಿವೆಯಲ್ಲಿ ದೊಡ್ಡ ಮಹಶೀರ್‌ಗಳು ಇನ್ನೂ ಇವೆಯೆಂಬುದನ್ನು ಜಗತ್ತಿಗೆ ತಿಳಿಸಿತು. ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಜಾರಿಗೆ ಬಂದಿತು. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ದಡದ ಹಳ್ಳಿಗಳ ಜನರೇ ಇಲ್ಲಿ ಮಾರ್ಗದರ್ಶಿಗಳೂ ಕಾವಲುಗಾರರೂ ಆದರು. ಯಾವ ಬಂಡೆಯ ನೆರಳಲ್ಲಿ ಮೀನು ನಿಲ್ಲುತ್ತದೆ, ಯಾವ ಗಾಳಿಗೆ ಅದು ಎರೆ ಮುಟ್ಟುವುದಿಲ್ಲ ಎಂಬ ಅವರ ಅರಿವಿಗೆ ಕೂಲಿಯ ಜೊತೆಗೆ ಮರ್ಯಾದೆಯೂ ಸಿಕ್ಕಿತು. ಜನಪದರ ಜ್ಞಾನವು ಸಂರಕ್ಷಣೆಯ ಕೆಲಸಕ್ಕೆ ನೇರವಾಗಿ ಒದಗಿದ ಅಪರೂಪದ ಉದಾಹರಣೆ ಇದು.

ಇದೇ ಅವಧಿಯಲ್ಲಿ ಒಳ್ಳೆಯ ಉದ್ದೇಶದಿಂದಲೇ ಮಾಡಿದ ಇನ್ನೊಂದು ಕೆಲಸ ಬೇರೆ ಪರಿಣಾಮವನ್ನು ತಂದಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ನೀಲಿ ರೆಕ್ಕೆಯ ಮಹಶೀರನ್ನು, ಅಂದರೆ ಸೈಕ್ಸ್ ಹೆಸರಿಸಿದ 'ಖುದ್ರಿ'ಯನ್ನು, ಕೃತಕವಾಗಿ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಗಿದ್ದರು. ಆ ಮರಿಗಳನ್ನು ದೇಶದ ಹಲವು ನದಿಗಳಿಗೆ ಹಂಚಲಾಯಿತು, ಕಾವೇರಿಗೂ ಬಿಡಲಾಯಿತು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರನ್ನೇ ತಂದು ಬಿಡೋಣ ಎಂಬುದು ಅಂದಿನ ತರ್ಕ. ಕೃಷ್ಣಾ ಕೊಳ್ಳದ ಮಹಶೀರ್ ಬೇರೆ, ಕಾವೇರಿಯ ಮಹಶೀರ್ ಬೇರೆ ಎಂಬ ತಿಳಿವಳಿಕೆ ಆಗ ಖಚಿತವಾಗಿರಲಿಲ್ಲ. ಹೆಸರಿನ ಗೊಂದಲ ಹೀಗೆ ನದಿಯ ಗೊಂದಲವೂ ಆಯಿತು.

ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನು ಸಂಶೋಧಕರು ಮುಂದೆ ಪರಿಶೀಲಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರ ಅವುಗಳಲ್ಲಿತ್ತು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರುತ್ತ ಹೋಗಿತ್ತು. ಆದರೆ ಆ ಏರಿಕೆಯೆಲ್ಲ ನೀಲಿ ರೆಕ್ಕೆಯ ಹೊಸ ಮೀನಿನದು. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೂಲನಿವಾಸಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಕೊನೆಯ ವರ್ಷಗಳಲ್ಲಿ ಬಹುಮಟ್ಟಿಗೆ ಕಾಣದಾಗಿತ್ತು. ನೆಂಟನಾಗಿ ಬಂದವನು ಮನೆಯೊಡೆಯನಾದ, ಒಡೆಯನಿಗೆ ಪಡಸಾಲೆಯಲ್ಲಿಯೂ ಜಾಗವಿಲ್ಲವಾಯಿತು. ಬರಿಯ ಒಟ್ಟು ಸಂಖ್ಯೆಯನ್ನು ನೋಡಿ ಸಂತೋಷಪಟ್ಟಿದ್ದರೆ ಈ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

2012ರಲ್ಲಿ ವನ್ಯಜೀವಿ ಕಾಯಿದೆಯ ಅನ್ವಯ ರಕ್ಷಿತ ಪ್ರದೇಶಗಳಲ್ಲಿ ಗಾಳದ ವಿನೋದಕ್ಕೆ ತೆರೆ ಬಿತ್ತು. 1987ರಿಂದ ಅಭಯಾರಣ್ಯವಾಗಿದ್ದ ಕಾವೇರಿಯ ಈ ಭಾಗಕ್ಕೂ ಅದು ಅನ್ವಯಿಸಿತು. ಹಿಡಿದು ಬಿಡುವುದೂ ಬೇಟೆಯೇ ಎಂಬ ವಾದಕ್ಕೆ ತನ್ನದೇ ಆದ ನ್ಯಾಯವಿದೆ. ಆದರೆ ಶಿಬಿರಗಳೊಂದಿಗೆ ದಡದ ಕಾವಲೂ, ಮೀನಿನ ಲೆಕ್ಕವೂ, ಹಳ್ಳಿಯವರ ಜೀವನೋಪಾಯವೂ ಹೋದವು ಎಂಬ ಕಳವಳವನ್ನು ಈ ಕ್ಷೇತ್ರದಲ್ಲಿ ದುಡಿದವರು ವ್ಯಕ್ತಪಡಿಸಿದ್ದಾರೆ. ಇದೀಗ ಅದೇ ಕಣಿವೆಯಲ್ಲಿ ಮೇಕೆದಾಟು ಜಲಾಶಯದ ಪ್ರಸ್ತಾವವಿದೆ. ಅದರ ಸಾಮರ್ಥ್ಯ ಸುಮಾರು 67 ಟಿಎಂಸಿ ಎಂದು ಯೋಜನೆಯಲ್ಲಿ ಹೇಳಲಾಗಿದೆ. ಎರಡು ರಾಜ್ಯಗಳ ನೀರಿನ ಹಕ್ಕಿನ ಪ್ರಶ್ನೆಯಾಗಿ ಇದು ವರ್ಷಗಳಿಂದ ಚರ್ಚೆಯಲ್ಲಿದೆ. ಹರಿಯುವ ನೀರಿನಲ್ಲಿಯೇ ಬದುಕಬಲ್ಲ ಜೀವಿಯ ಹಕ್ಕಿನ ಪ್ರಶ್ನೆ ಆ ಚರ್ಚೆಯಲ್ಲಿ ಕೇಳಿಬರುವುದು ವಿರಳ.

6. ವೇಮಗಲ್ ಸೀಮೆಯ ಕೆರೆಗಳಲ್ಲಿ ಕಾವೇರಿ

ಕೋಲಾರ ಕೆರೆಗಳ ಜಿಲ್ಲೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಕೆರೆ ಕಟ್ಟಿಸಿದ, ತೂಬು ಇರಿಸಿದ, ಕೆರೆಯ ದುರಸ್ತಿಗೆ ಭೂಮಿ ಬಿಟ್ಟ ದಾಖಲೆಗಳು ಅದರಲ್ಲಿ ಹೇರಳವಾಗಿವೆ. ವೇಮಗಲ್, ನರಸಾಪುರ ಸುತ್ತಿನ ಹಳ್ಳಿಗಳಲ್ಲಿ ಕೆರೆ ಕೋಡಿ ಬಿದ್ದರೆ ಗಂಗೆಪೂಜೆ, ಬಾಗಿನ, ಊರಹಬ್ಬ. ಒಂದು ಕೆರೆಯ ಕೋಡಿ ಮುಂದಿನ ಕೆರೆಯ ಒಡಲನ್ನು ತುಂಬುತ್ತಿದ್ದ ಈ ಸರಪಳಿಯಲ್ಲಿ ಮೀನಿಗೂ ದಾರಿಯಿತ್ತು. ಮಲೆನಾಡಿನವರು ಹತ್ತುಮೀನು ಎನ್ನುವಂತೆ ಕೋಡಿಯ ನೀರಿಗೆ ಎದುರಾಗಿ ಗೆಂಡೆಗಳು ಏರುತ್ತಿದ್ದವು. ಕೊರಮೀನು, ಚೇಳುಮೀನು, ಹಾವುಮೀನುಗಳು ಕೆಸರಿನಲ್ಲಿ ಉಳಿದು ಬರಗಾಲವನ್ನು ದಾಟುತ್ತಿದ್ದವು. ತೆಲುಗಿನ ನೆರೆಯಿಂದ ಬಂದ ಹೆಸರುಗಳೂ ಕನ್ನಡದ ಹೆಸರುಗಳೂ ಈ ಗಡಿಸೀಮೆಯ ಮೀನುಸಂತೆಯಲ್ಲಿ ಬೆರೆತಿವೆ. ಕೆರೆ ಬತ್ತಿದ ವರ್ಷಗಳು ಹೆಚ್ಚಿದಂತೆ, ಬೋರ್‌ವೆಲ್ಲುಗಳು ಸಾವಿರ ಅಡಿ ಮೀರಿದಂತೆ, ಈ ಮೀನುಗಳೂ ಅವುಗಳ ಹೆಸರುಗಳೂ ಒಟ್ಟಿಗೇ ಮರೆಯಾಗತೊಡಗಿದವು.

ಇಂತಹ ನೆಲಕ್ಕೆ 2018ರಲ್ಲಿ ನೀರು ಬಂದಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಮೇಲೆತ್ತಿ ತಂದ ಕಾವೇರಿ ನೀರನ್ನು ಬೆಂಗಳೂರು 1974ರಿಂದ ಕುಡಿಯುತ್ತಿದೆ. ಆ ನಗರ ಬಳಸಿ ಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು ಕೆ.ಸಿ. ವ್ಯಾಲಿ ಯೋಜನೆ. ಮೊದಲ ಹಂತದಲ್ಲಿ ದಿನಕ್ಕೆ 440 ದಶಲಕ್ಷ ಲೀಟರು ನೀರನ್ನು 126 ಕೆರೆಗಳಿಗೆ ಹರಿಸುವ ಗುರಿಯಿತ್ತು. ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಗಿ ನರಸಾಪುರವೇ ಮೊದಲಾದ ಕೆರೆಗಳು ತುಂಬಿದವು. ದಶಕಗಳಿಂದ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ನೀರು ಕಂಡು ಜನ ಪೂಜೆ ಮಾಡಿದರು. ಅಂತರ್ಜಲ ಮೇಲೆ ಬಂದಿತು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಕೆರೆಗೆ ಬರಬಾರದೆಂಬ ವಾದವೂ ನ್ಯಾಯಾಲಯದ ಮೆಟ್ಟಿಲೇರಿತು. ನೀರಿನ ಹಸಿವೂ ನೀರಿನ ಭಯವೂ ಒಂದೇ ಹಳ್ಳಿಯಲ್ಲಿ ಅಕ್ಕಪಕ್ಕ ಕುಳಿತಿರುವುದನ್ನು ಇಲ್ಲಿ ಕಾಣಬಹುದು.

ಈ ಕೆರೆಗಳಲ್ಲಿ ಈಗ ಮೀನು ಬೆಳೆಯುತ್ತದೆ. ಆದರೆ ಅದು ಯಾವ ಮೀನು ಎಂಬುದು ಮುಖ್ಯ ಪ್ರಶ್ನೆ. ಕಾಟ್ಲಾ, ರೋಹು ಮರಿಗಳನ್ನು ಇಲಾಖೆ ಬಿಡುತ್ತ ಬಂದಿದೆ. ಇಪ್ಪತ್ತನೆಯ ಶತಮಾನದ ನಡುವೆ ಭಾರತಕ್ಕೆ ಬಂದ ತಿಲಾಪಿಯ ಎಂತಹ ನೀರಿನಲ್ಲಿಯೂ ಹರಡಬಲ್ಲದು. 2000ದಲ್ಲಿಯೇ ಸರ್ಕಾರ ನಿಷೇಧಿಸಿದ ಆಫ್ರಿಕಾ ಮೂಲದ ಕ್ಯಾಟ್‌ಫಿಶ್ ಕೊಳೆನೀರಿನಲ್ಲಿಯೂ ಬದುಕಿ ಚಿಕ್ಕ ಮೀನುಗಳನ್ನು ಕಬಳಿಸುವಂಥದು. ಕಾವೇರಿಯಲ್ಲಿ ನಡೆದುದೇ ಕೆರೆಯಲ್ಲಿಯೂ ನಡೆಯಬಹುದು. ಒಟ್ಟು ತೂಕ ಏರುತ್ತದೆ, ನಾಡಮೀನು ಇಳಿಯುತ್ತದೆ. ಕಾವೇರಿಯ ಬಿಳಿಮೀನಿನ ಚರಿತ್ರೆಯಿಂದ ಕೋಲಾರದ ಕೆರೆಗಳು ಕಲಿಯಬೇಕಾದ ಪಾಠ ಇಲ್ಲಿದೆ. ಕೆರೆಗೆ ಬಿಡುವ ಮೊದಲು ಯಾವ ಮರಿ, ಎಲ್ಲಿಯ ಮರಿ ಎಂದು ಕೇಳಬೇಕು.

7. ಸಮಾರೋಪ

ಗೂನುಬೆನ್ನಿನ ಬಿಳಿಮೀನು ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಕಾವೇರಿ ಕೊಳ್ಳದ ಕೆಲವೇ ಹೊಳೆಗಳಲ್ಲಿ, ಮುಖ್ಯವಾಗಿ ನೀಲಗಿರಿಯ ತಪ್ಪಲಿನ ಮೋಯಾರ್ ನದಿಯಲ್ಲಿ ಅದು ಉಳಿದಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಉಳಿದುದನ್ನು ಉಳಿಸಿಕೊಳ್ಳಲು ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಸಿಡಿಮದ್ದನ್ನು ತಡೆಯುವುದು, ಮರಳು ತೆಗೆಯುವುದಕ್ಕೆ ಕಡಿವಾಣ ಹಾಕುವುದು, ಬೇಸಗೆಯಲ್ಲಿಯೂ ನದಿಗೆ ಒಂದಿಷ್ಟು ಹರಿವು ಬಿಡುವುದು, ಹೊರಗಿನ ಮರಿಗಳನ್ನು ತಂದು ಬಿಡದಿರುವುದು ಇವು ಸರ್ಕಾರದ ಮತ್ತು ವಿಜ್ಞಾನಿಗಳ ಪಾಲಿನ ಕೆಲಸಗಳು.

ಜಾನಪದ ವಿದ್ವಾಂಸರ ಪಾಲಿಗೂ ಕೆಲಸವಿದೆ. ಕಾವೇರಿಯ ದಡದಲ್ಲಿ, ಪಾಲಾರಿನ ಮರಳಿನಲ್ಲಿ, ವೇಮಗಲ್ಲಿನ ಕೆರೆಯಂಗಳದಲ್ಲಿ ಗಂಗಾಮತಸ್ಥ ಹಿರಿಯರ ನೆನಪಿನಲ್ಲಿ ಮೀನುಗಳ ಹೆಸರುಗಳಿವೆ. ಯಾವ ಮಳೆಗೆ ಯಾವುದು ಏರುತ್ತಿತ್ತು, ಯಾವ ಮಡುವಿನಲ್ಲಿ ಯಾವುದು ಇರುತ್ತಿತ್ತು ಎಂಬ ವಿವರಗಳಿವೆ. ಆ ಹೆಸರುಗಳನ್ನು ಮೀನಿನ ಸಹಿತವಾಗಿ, ಚಿತ್ರ ಮತ್ತು ಸ್ಥಳದ ವಿವರಗಳೊಂದಿಗೆ, ಮತ್ಸ್ಯವಿಜ್ಞಾನಿಗಳ ನೆರವಿನಿಂದ ಸಂಗ್ರಹಿಸಿ ಕೋಶವೊಂದನ್ನು ಸಿದ್ಧಪಡಿಸಬೇಕಾಗಿದೆ. ಗಾದೆ, ಒಗಟು, ಲಾವಣಿಗಳ ಸಂಕಲನಕ್ಕೆ ನಾವು ಕೊಟ್ಟಷ್ಟು ಗಮನವನ್ನು ಈ ಬಗೆಯ ಲೋಕಜ್ಞಾನಕ್ಕೆ ಕೊಟ್ಟಿಲ್ಲ. ಒಂದು ಹೆಸರು ಸರಿಯಾದ ಕಾಲಕ್ಕೆ ಸರಿಯಾದ ಪುಸ್ತಕವನ್ನು ಸೇರದೆ ಹೋದರೆ ಒಂದು ಜೀವಕ್ಕೆ ಏನಾಗಬಹುದು ಎಂಬುದನ್ನು ಕಾವೇರಿಯ ಈ ಮೀನು ತೋರಿಸಿಕೊಟ್ಟಿದೆ.

ನೀರೊಳಗಿನ ಮೀನಿನ ಹೆಜ್ಜೆಯನ್ನು ಕಾಣುವುದು ಕಷ್ಟವೆಂಬುದು ನಮ್ಮ ಹಿರಿಯರ ಮಾತು. ಆದರೂ ಕೋಲಾರದ ಗಣಿಯ ಆಳದಲ್ಲಿ 1902ರಲ್ಲಿ ಉರಿದ ದೀಪದಲ್ಲಿ, 2018ರಲ್ಲಿ ತುಂಬಿದ ಕೆರೆಯ ನೀರಿನಲ್ಲಿ ಆ ಹೆಜ್ಜೆಯ ಗುರುತಿದೆ. ಕಾವೇರಿಯಿಂದ ಬೆಳಕನ್ನೂ ನೀರನ್ನೂ ಪಡೆದ ಸೀಮೆಯ ಜನರು ಆ ನದಿಯ ಋಣವನ್ನು ನೆನೆಯುವಾಗ ಅದರೊಳಗಿನ ಜೀವಗಳನ್ನೂ ನೆನೆಯುವುದು ನ್ಯಾಯವಾದುದು.